18 ತುಂಬಿದ ಮೇಲೆ: ಪಶ್ಚಿಮ ಆಫ್ರಿಕಾದ ಹುಡುಗ ಯುರೋಪಿನಲ್ಲಿ ಫುಟ್‌ಬಾಲ್ ಆಟಗಾರನಾಗುವುದು ಹೇಗೆ

2026ರ ವಿಶ್ವಕಪ್‌ಗೆ ಪಶ್ಚಿಮ ಆಫ್ರಿಕಾದಿಂದ ನಾಲ್ಕು ದೇಶಗಳು ಅರ್ಹತೆ ಗಳಿಸಿದವು: ಸೆನೆಗಲ್, ಘಾನಾ, ಐವರಿ ಕೋಸ್ಟ್ ಮತ್ತು ಮೊಟ್ಟಮೊದಲ ಬಾರಿಗೆ ಕೇಪ್ ವರ್ಡಿ. ಈ ತಂಡಗಳ ಪಟ್ಟಿ ಹಿಡಿದು ಕುಳಿತರೆ ಒಂದು ಸಂಗತಿ ತಕ್ಷಣ ಕಣ್ಣಿಗೆ ಬೀಳುತ್ತದೆ. ತಾಯ್ನಾಡಿನ ಲೀಗ್‌ನಲ್ಲಿ ಆಡುವವರು ಬೆರಳೆಣಿಕೆಯಷ್ಟು ಮಂದಿ. ಉಳಿದವರೆಲ್ಲ ಹೆಚ್ಚಾಗಿ ಫ್ರಾನ್ಸ್, ಇಂಗ್ಲೆಂಡ್, ಬೆಲ್ಜಿಯಂ, ಇಟಲಿಯ ಕ್ಲಬ್‌ಗಳಲ್ಲಿದ್ದಾರೆ. ಇವರಲ್ಲಿ ಕೆಲವರು ಯುರೋಪಿನಲ್ಲೇ ಹುಟ್ಟಿದವರು. ಮಿಕ್ಕವರು ಅಕ್ರಾ, ಡಾಕಾರ್, ಅಬಿಜಾನ್‌ಗಳಿಂದ ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಹೊರಟವರು.

ಹಾಗೆ ಹೊರಟ ಹುಡುಗನ ಪ್ರತಿಭೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವನು ಯಾವ ನಿಯಮದಡಿ ಹೊರಡುತ್ತಾನೆ, ಯಾವ ದೇಶಕ್ಕೆ ಮೊದಲು ಹೋಗುತ್ತಾನೆ, ಅವನ ಒಪ್ಪಂದದಲ್ಲಿ ಏನಿರುತ್ತದೆ, ಕೋಟಿಗಟ್ಟಲೆ ಹಣ ಯಾರ ಕೈ ಸೇರುತ್ತದೆ ಎಂಬುದು ಮಾತ್ರ ಓದುಗರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಈ ಲೇಖನ ಅದರ ಬಗ್ಗೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಆಟಗಾರನ ಬದುಕಿನ ದಿಕ್ಕನ್ನು ಅವನ ದೊಡ್ಡ ಕ್ಲಬ್ಬಿಗಿಂತ ಹೆಚ್ಚಾಗಿ ಅವನ ಮೊದಲ ಕ್ಲಬ್ ನಿರ್ಧರಿಸುತ್ತದೆ.

ಹದಿನೆಂಟೇ ಏಕೆ?

ಒಬ್ಬ ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವುದಕ್ಕೆ ಅಂತರರಾಷ್ಟ್ರೀಯ ವರ್ಗಾವಣೆ ಎಂದು ಹೆಸರು. ಇದರ ನಿಯಮಾವಳಿ ಫಿಫಾದ್ದು. ಆ ನಿಯಮಾವಳಿಯ 19ನೇ ವಿಧಿ ಪ್ರಕಾರ 18 ತುಂಬದ ಆಟಗಾರನನ್ನು ಬೇರೆ ದೇಶದ ಕ್ಲಬ್ ನೋಂದಾಯಿಸಿಕೊಳ್ಳುವಂತಿಲ್ಲ.

ಕೆಲವು ವಿನಾಯಿತಿಗಳಿವೆ. ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಹುಡುಗ ಅಲ್ಲಿ ಆಡಬಹುದು. ಯುರೋಪಿಯನ್ ಒಕ್ಕೂಟದೊಳಗೆ 16 ತುಂಬಿದವರು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಹುದು. ಗಡಿಯ ಎರಡೂ ಬದಿಯಲ್ಲಿ 50 ಕಿಲೋಮೀಟರ್ ಒಳಗೆ ಮನೆ ಮತ್ತು ಕ್ಲಬ್ ಇದ್ದರೆ ಅದಕ್ಕೂ ಅವಕಾಶವಿದೆ. ಪ್ರಾಣಭಯದಿಂದ ಓಡಿಬಂದ ನಿರಾಶ್ರಿತ ಮಕ್ಕಳಿಗೂ ದಾರಿ ಇದೆ. ಘಾನಾದ ಕುಮಾಸಿಯಲ್ಲೋ ಮಾಲಿಯ ಬಮಾಕೊದಲ್ಲೋ ಇರುವ ಸಾಮಾನ್ಯ ಹುಡುಗನಿಗೆ ಇವು ಯಾವುವೂ ಅನ್ವಯಿಸುವುದಿಲ್ಲ. ಅವನು 18ನೇ ಹುಟ್ಟುಹಬ್ಬದವರೆಗೆ ಕಾಯಲೇಬೇಕು. ನಿಯಮ ಮುರಿದ ಕ್ಲಬ್‌ಗಳಿಗೆ ಫಿಫಾ ಹೊಸ ಆಟಗಾರರನ್ನು ನೋಂದಾಯಿಸದಂತೆ ನಿಷೇಧ ಹೇರುತ್ತದೆ. ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್, ಅಟ್ಲೆಟಿಕೊ, ಚೆಲ್ಸಿ ಈ ಶಿಕ್ಷೆ ಉಂಡ ಕ್ಲಬ್‌ಗಳು.

ಇದರ ಪರಿಣಾಮವನ್ನು ತಾರೀಖುಗಳಲ್ಲೇ ನೋಡಬಹುದು. ನೈಜೀರಿಯಾದ ವಿಕ್ಟರ್ ಒಸಿಮೆನ್ 2015ರಲ್ಲಿ ಚಿಲಿಯಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ 10 ಗೋಲು ಹೊಡೆದ. ದೊಡ್ಡ ಕ್ಲಬ್‌ಗಳ ಕಣ್ಣೆಲ್ಲ ಅವನ ಮೇಲೆ. ಆದರೂ ಜರ್ಮನಿಯ ವೋಲ್ಫ್ಸ್‌ಬರ್ಗ್ ಅವನನ್ನು ಸೇರಿಸಿಕೊಂಡದ್ದು 2017ರ ಜನವರಿಯಲ್ಲಿ. ಅವನಿಗೆ 18 ತುಂಬಿದ್ದು 2016ರ ಡಿಸೆಂಬರ್ 29ಕ್ಕೆ. ಘಾನಾದ ಮೊಹಮ್ಮದ್ ಕುದುಸ್‌ಗೆ 2018ರ ಆಗಸ್ಟ್ 2ರಂದು 18 ಆಯಿತು. ಡೆನ್ಮಾರ್ಕ್‌ನ ನೋರ್ಡ್‌ಶೆಲಾಂಡ್ ಕ್ಲಬ್ ಪರ ಅವನ ಮೊದಲ ಪಂದ್ಯ ನಡೆದದ್ದು ಮೂರೇ ದಿನದ ನಂತರ, ಆಗಸ್ಟ್ 5ರಂದು.

ಹೀಗಾಗಿ ವಯಸ್ಸಿನ ದಾಖಲೆ ಎಲ್ಲಕ್ಕಿಂತ ಮುಖ್ಯ. ಹಳ್ಳಿಗಳಲ್ಲಿ ಜನನ ನೋಂದಣಿ ತಡವಾಗಿ ಆಗುವುದುಂಟು. ಬೇಕೆಂದೇ ವಯಸ್ಸು ಕಡಿಮೆ ಬರೆಸುವುದೂ ಉಂಟು. 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಫಿಫಾ ಮಣಿಕಟ್ಟಿನ ಎಂಆರ್‌ಐ ಸ್ಕ್ಯಾನ್ ಬಳಸುತ್ತಿದೆ. ಮುಂಗೈ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಪದರವೊಂದಿರುತ್ತದೆ. ಅದು ಸಂಪೂರ್ಣವಾಗಿ ಮೂಳೆಯೊಂದಿಗೆ ಬೆಸೆದುಕೊಂಡಿದ್ದರೆ ಆಟಗಾರ 17ರೊಳಗಿನವನಾಗಿರುವ ಸಾಧ್ಯತೆ ತೀರಾ ಕಡಿಮೆ. ಈ ಸ್ಕ್ಯಾನ್ ನಿಖರ ವಯಸ್ಸನ್ನು ಹೇಳುವುದಿಲ್ಲ, ಮಿತಿ ಮೀರಿದವನನ್ನು ಹಿಡಿಯುತ್ತದೆ ಅಷ್ಟೆ. ವಯಸ್ಸು ಮುಚ್ಚಿಟ್ಟು ದಾಟಿದವನಿಗೂ ಮುಂದೆ ತೊಂದರೆ ತಪ್ಪಿದ್ದಲ್ಲ. 22ರ ದೇಹವನ್ನು 18 ಎಂದು ನಂಬಿದ ಕ್ಲಬ್ ‘ಇವನು ಇನ್ನೂ ಬೆಳೆಯುತ್ತಾನೆ’ ಎಂದು ಕಾಯುತ್ತದೆ. ದೇಹ ಬೆಳೆಯುವುದಿಲ್ಲ, ಒಪ್ಪಂದ ಮುಂದುವರಿಯುವುದಿಲ್ಲ.

ಅಕಾಡೆಮಿ ಏನು ಮಾಡುತ್ತದೆ

ಯುರೋಪಿನ ಕ್ಲಬ್ 18ರವರೆಗೆ ಹುಡುಗನನ್ನು ಮುಟ್ಟುವಂತಿಲ್ಲ. ಆದರೆ ಆಟಗಾರ ರೂಪುಗೊಳ್ಳುವುದು 12ರಿಂದ 18ರ ನಡುವೆ. ಈ ಆರು ವರ್ಷ ಅವನನ್ನು ನೋಡಿಕೊಳ್ಳಲು ಹುಟ್ಟಿಕೊಂಡವು ಪಶ್ಚಿಮ ಆಫ್ರಿಕಾದ ಅಕಾಡೆಮಿಗಳು.

ಮಾದರಿ ಹಾಕಿಕೊಟ್ಟದ್ದು ಐವರಿ ಕೋಸ್ಟ್‌ನ ಅಬಿಜಾನ್. ಫ್ರಾನ್ಸ್‌ನ ತರಬೇತುದಾರ ಜಾನ್ ಮಾರ್ಕ್ ಗಿಯೂ 1990ರ ದಶಕದ ಆರಂಭದಲ್ಲಿ ಆಸೆಕ್ ಮಿಮೋಸಾ ಕ್ಲಬ್ಬಿನಲ್ಲಿ ವಸತಿ ಅಕಾಡೆಮಿ ತೆರೆದರು. ಕೋಲೋ ಟೂರೆ, ಯಾಯಾ ಟೂರೆ, ಜೆರ್ವಿನ್ಯೋ, ಸಾಲೊಮೊನ್ ಕಾಲು ಅಲ್ಲಿ ಬೆಳೆದವರು. 1999ರ ಆಫ್ರಿಕನ್ ಸೂಪರ್ ಕಪ್‌ನಲ್ಲಿ ಈ ಅಕಾಡೆಮಿಯ ಹುಡುಗರೇ ತುಂಬಿದ್ದ ತಂಡ ಟ್ಯುನೀಷಿಯಾದ ಎಸ್ಪೆರಾನ್ಸ್ ತಂಡವನ್ನು 3–1ರಿಂದ ಸೋಲಿಸಿತು. ಆಮೇಲೆ ಗಿಯೂ ಬೆಲ್ಜಿಯಂನ ಬೆವರೆನ್ ಕ್ಲಬ್ಬನ್ನು ತಮ್ಮ ಹುಡುಗರಿಗೆ ಯುರೋಪಿನ ಮೊದಲ ಮೆಟ್ಟಿಲಾಗಿ ಬಳಸಿದರು.

ಸೆನೆಗಲ್‌ನ ಡಾಕಾರ್‌ನಲ್ಲಿ ಜೆನೆರಾಸಿಯೊಂ ಫೂಟ್ ಅಕಾಡೆಮಿ 2000ದಲ್ಲಿ ಶುರುವಾಯಿತು. ಫ್ರಾನ್ಸ್‌ನ ಮೆಟ್ಸ್ ಕ್ಲಬ್ ಅದಕ್ಕೆ ನೆರವು ಕೊಡುತ್ತದೆ, ಪ್ರತಿಯಾಗಿ ಅಲ್ಲಿನ ಉತ್ತಮ ಹುಡುಗರು ಮೊದಲು ಮೆಟ್ಸ್‌ಗೆ ಹೋಗುತ್ತಾರೆ. ಸಾಡಿಯೊ ಮಾನೆ, ಇಸ್ಮೈಲಾ ಸಾರ್, ಪಾಪ್ ಮಟಾರ್ ಸಾರ್ ಇದೇ ದಾರಿಯಲ್ಲಿ ಬಂದವರು. ಘಾನಾದ ರೈಟ್ ಟು ಡ್ರೀಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1999ರಲ್ಲಿ ಟಾಮ್ ವರ್ನನ್ ಶುರುಮಾಡಿದ ಈ ಅಕಾಡೆಮಿ ವೋಲ್ಟಾ ನದಿ ದಂಡೆಯ ಓಲ್ಡ್ ಅಕ್ರಾಡೆಯಲ್ಲಿದೆ. ಅದರ ಆಡಳಿತ ಸುಮಾರು ಹತ್ತು ವರ್ಷಗಳ ಹಿಂದೆ ಡೆನ್ಮಾರ್ಕ್‌ನ ನೋರ್ಡ್‌ಶೆಲಾಂಡ್ ಕ್ಲಬ್ಬನ್ನೇ ಖರೀದಿಸಿತು. ಕುದುಸ್, ಸೈಮನ್ ಅಡಿಂಗ್ರಾ, ಕಮಾಲ್ದೀನ್ ಸುಲೇಮಾನಾ ಈ ಕೊಂಡಿಯಿಂದ ಬಂದವರು. ಇಲ್ಲಿ ಶಾಲೆ ಕಡ್ಡಾಯ. ವೃತ್ತಿಪರ ಆಟಗಾರರಾಗದ ಹುಡುಗರಲ್ಲಿ ಹಲವರು ವಿದ್ಯಾರ್ಥಿವೇತನ ಪಡೆದು ಅಮೆರಿಕದ ಶಾಲೆ ಕಾಲೇಜುಗಳಿಗೆ ಹೋಗುತ್ತಾರೆ. ಅಕಾಡೆಮಿಯ ಬೆಲೆ ತಿಳಿಯಬೇಕಾದರೆ ಆಟಗಾರರಾಗದೆ ಉಳಿದ ಮಕ್ಕಳಿಗೆ ಅದು ಏನು ಮಾಡಿತು ಎಂದು ಕೇಳಬೇಕು ಎಂದು ನನಗನ್ನಿಸುತ್ತದೆ.

ಈ ಮೂರರ ಹೊರಗೆ ಪ್ರತಿ ಊರಿನಲ್ಲೂ ಸಣ್ಣಪುಟ್ಟ ಅಕಾಡೆಮಿಗಳಿವೆ. ಒಂದು ಕೆಂಪು ಮಣ್ಣಿನ ಮೈದಾನ, ಒಬ್ಬ ತರಬೇತುದಾರ, ಹತ್ತಾರು ಹುಡುಗರು. ಅವುಗಳಲ್ಲಿ ಅನೇಕವು ದೇಶದ ಫುಟ್‌ಬಾಲ್ ಸಂಸ್ಥೆಯಲ್ಲಿ ನೋಂದಣಿಯಾಗಿರುವುದಿಲ್ಲ. ಇದರಿಂದ ಆಗುವ ನಷ್ಟ ಎಷ್ಟು ದೊಡ್ಡದು ಎಂಬುದು ಹಣದ ಲೆಕ್ಕಕ್ಕೆ ಬಂದಾಗ ಗೊತ್ತಾಗುತ್ತದೆ.

ಮೊದಲು ಯಾವ ದೇಶ?

ಯುರೋಪ್ ಎಂದರೆ ಒಂದೇ ನಿಯಮ ಎಂದುಕೊಳ್ಳುವುದು ಸಹಜ. ಹಾಗಿಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನ ಆಟಗಾರನಿಗೆ ಒಂದೊಂದು ದೇಶದಲ್ಲಿ ಒಂದೊಂದು ಕಟ್ಟಳೆ.

ಫ್ರಾನ್ಸ್‌ನ ಮೊದಲ ದರ್ಜೆಯ ಕ್ಲಬ್ ಒಕ್ಕೂಟದ ಹೊರಗಿನ ನಾಲ್ವರನ್ನು ಮಾತ್ರ ಹೊಂದಬಹುದು. ಆದರೆ ಒಕ್ಕೂಟವು ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್ ದೇಶಗಳೊಂದಿಗೆ ಮಾಡಿಕೊಂಡ 2000ದ ಕೊಟೊನು ಒಪ್ಪಂದದ ಬಲದಿಂದ ಆಫ್ರಿಕಾದ ಹೆಚ್ಚಿನ ದೇಶಗಳ ಆಟಗಾರರನ್ನು ಅಲ್ಲಿ ಈ ನಾಲ್ವರಲ್ಲಿ ಎಣಿಸದೆ ಬಂದಿದ್ದಾರೆ. ಫ್ರೆಂಚ್ ಭಾಷೆಯೂ ಪರಿಚಿತ. ಸೆನೆಗಲ್, ಮಾಲಿ, ಐವರಿ ಕೋಸ್ಟ್‌ನ ಹುಡುಗರು ಫ್ರಾನ್ಸ್‌ಗೆ ಹೋಗುವುದಕ್ಕೆ ಇವೇ ಎರಡು ಕಾರಣ. ನೆದರ್ಲೆಂಡ್ಸ್‌ನಲ್ಲಿ ಸಂಖ್ಯೆಯ ಮಿತಿ ಇಲ್ಲ. ಬದಲಿಗೆ ಒಕ್ಕೂಟದ ಹೊರಗಿನವನಿಗೆ ಲೀಗ್‌ನ ಸರಾಸರಿ ಸಂಬಳದ ಒಂದೂವರೆ ಪಟ್ಟು ಕೊಡಲೇಬೇಕು. 18, 19ರ ವಯಸ್ಸಿನವರಿಗೆ ಈ ಮಿತಿ ಕಡಿಮೆ. ಹಾಗಾಗಿ ಅಲ್ಲಿನ ಸಣ್ಣ ಕ್ಲಬ್ ‘ನೋಡೋಣ’ ಎಂದು ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಬೆಲ್ಜಿಯಂನಲ್ಲೂ ಕನಿಷ್ಠ ಸಂಬಳದ ನಿಯಮವಿದೆ, ಆದರೆ ನೆದರ್ಲೆಂಡ್ಸ್‌ಗಿಂತ ಅದು ಹಗುರ.

ಇಂಗ್ಲೆಂಡ್ ಎಲ್ಲಕ್ಕಿಂತ ಕಷ್ಟ. ಒಕ್ಕೂಟದಿಂದ ಹೊರಬಂದ ಮೇಲೆ, 2021ರಿಂದ, ಅಲ್ಲಿ ಅಂಕಗಳ ಪದ್ಧತಿ ಜಾರಿಯಲ್ಲಿದೆ. ರಾಷ್ಟ್ರೀಯ ತಂಡದ ಪಂದ್ಯಗಳು, ಈಗ ಆಡುತ್ತಿರುವ ಲೀಗ್‌ನ ದರ್ಜೆ, ಆಡಿದ ನಿಮಿಷಗಳು ಎಲ್ಲ ಸೇರಿ 15 ಅಂಕ ಆಗಬೇಕು. ಘಾನಾ ಲೀಗ್‌ನಿಂದ ನೇರವಾಗಿ ಬರುವ 18ರ ಹುಡುಗನಿಗೆ ಅಷ್ಟು ಸಿಗುವುದು ಅಪರೂಪ. 2023ರಿಂದ ಅಂಕ ಸಾಲದ ನಾಲ್ವರವರೆಗೆ ತೆಗೆದುಕೊಳ್ಳಲು ಪ್ರೀಮಿಯರ್ ಲೀಗ್ ಕ್ಲಬ್‌ಗಳಿಗೆ ಅವಕಾಶ ಸಿಕ್ಕಿದೆ. ಅದಕ್ಕೂ ಮೊದಲು ಕ್ಲಬ್‌ಗಳು ಬಳಸುತ್ತಿದ್ದ, ಈಗಲೂ ಬಳಸುವ ಉಪಾಯ ಬೇರೆ: ಖರೀದಿಸಿ ಬೇರೆ ದೇಶದ ಕ್ಲಬ್ಬಿಗೆ ಸ್ವಲ್ಪ ಕಾಲ ಆಡಲು ಎರವಲು ಕೊಡುವುದು. ಅಡಿಂಗ್ರಾನನ್ನು ಬ್ರೈಟನ್ 2022ರಲ್ಲಿ ಕೊಂಡು ಒಂದು ವರ್ಷ ಬೆಲ್ಜಿಯಂನ ಯೂನಿಯನ್ ಸಾಂ-ಜಿಲ್ವಾಸ್ ಕ್ಲಬ್ಬಿಗೆ ಕಳಿಸಿತು. ಅಲ್ಲಿ ಆಡಿ ಬಂದ ಮೇಲೆಯೇ ಅವನು ಇಂಗ್ಲೆಂಡಿನ ಮೈದಾನಕ್ಕೆ ಇಳಿದದ್ದು.

ಸ್ವೀಡನ್, ನಾರ್ವೆಗಳ ವಿಷಯದಲ್ಲಿ ಒಂದು ಅನುಕೂಲವಿದೆ. ಅಲ್ಲಿನ ಋತು ವಸಂತದಿಂದ ಶರತ್ಕಾಲದವರೆಗೆ ನಡೆಯುತ್ತದೆ. ಜನವರಿಯಲ್ಲಿ ಬಂದಿಳಿದ ಹುಡುಗನಿಗೆ ಲೀಗ್ ಶುರುವಾಗುವ ಮುನ್ನ ಎರಡು ಮೂರು ತಿಂಗಳ ತಯಾರಿ ಸಿಗುತ್ತದೆ. ಫ್ರಾನ್ಸ್‌ಗೋ ಜರ್ಮನಿಗೋ ಜನವರಿಯಲ್ಲಿ ಹೋದವನು ಋತುವಿನ ನಟ್ಟನಡುವೆ, ಆಗಲೇ ಕೂಡಿಕೊಂಡಿರುವ ತಂಡದೊಳಗೆ, ಕೊರೆಯುವ ಚಳಿಯಲ್ಲಿ ಜಾಗ ಹುಡುಕಬೇಕು.

ಟ್ರಯಲ್ಸ್ ವಾರ ಮತ್ತು ವೈದ್ಯರ ಕೋಣೆ

ಟ್ರಯಲ್ಸ್‌ಗೆ, ಅಂದರೆ ಆಯ್ಕೆ ಪರೀಕ್ಷೆಗೆ, ಕರೆಸುವ ಕ್ಲಬ್ ತನ್ನ ಲೆಟರ್‌ಹೆಡ್‌ನಲ್ಲಿ ಆಹ್ವಾನ ಪತ್ರ ಕಳಿಸುತ್ತದೆ, ಅದರ ಮೇಲೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಸಿಗುತ್ತದೆ. ಈ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಸಂಬಳಕ್ಕೆ ಆಡುವಂತಿಲ್ಲ. ಒಪ್ಪಂದ ಆದರೆ ವಾಪಸ್ ಬಂದು ಕೆಲಸದ ವೀಸಾಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕಾಗುವುದು ಸಾಮಾನ್ಯ.

ವಾರದ ಮೊದಲ ದಿನ ಓಟದ ಪರೀಕ್ಷೆ. ಮೈಗೆ ಅಂಟಿದಂಥ ಜಿಪಿಎಸ್ ಬನಿಯನ್ ಹಾಕಿಸಿ 30 ಮೀಟರ್ ಓಟದ ವೇಗ, ನಿಂತು ನಿಂತು ಓಡುವ ಸಾಮರ್ಥ್ಯ ಅಳೆಯುತ್ತಾರೆ. ಆಮೇಲೆ ಇಕ್ಕಟ್ಟಿನ ಜಾಗದಲ್ಲಿ ಚೆಂಡು ದಾಟಿಸುವ ಆಟ. ಕೊನೆಗೆ ಒಂದೋ ಎರಡೋ ಅಭ್ಯಾಸ ಪಂದ್ಯ. ಹುಡುಗರು ಸೋಲುವುದು ಹೆಚ್ಚಾಗಿ ಇಲ್ಲಿ. ತನ್ನನ್ನು ನೋಡಲಿ ಎಂದು ಮೂರು ಜನರನ್ನು ದಾಟಿಸಲು ಹೋಗುತ್ತಾನೆ, ನಾಲ್ಕನೆಯವನಲ್ಲಿ ಚೆಂಡು ಕಳೆದುಕೊಂಡು ನಿಂತುಬಿಡುತ್ತಾನೆ. ತರಬೇತುದಾರ ಬರೆದುಕೊಳ್ಳುವುದು ಆ ನಿಲ್ಲುವಿಕೆಯನ್ನು. ಚೆಂಡು ಹೋದ ಮುಂದಿನ ಐದು ಸೆಕೆಂಡಿನಲ್ಲಿ ಏನು ಮಾಡಿದ, ಚೆಂಡು ಬರುವ ಮುಂಚೆ ತಲೆ ಎತ್ತಿ ಸುತ್ತ ನೋಡಿದನೇ, ಮೊದಲ ಸ್ಪರ್ಶದಲ್ಲೇ ಮೈ ಮುಂದಕ್ಕೆ ತಿರುಗಿತೇ ಎಂಬುದರ ಮೇಲೆ ನಿರ್ಧಾರ ನಿಂತಿರುತ್ತದೆ.

ಬೂಟಿನ ಅಡಿಯ ಸ್ಟಡ್‌ಗಳೂ ಗಣನೆಗೆ ಬರುತ್ತವೆ. ಗಟ್ಟಿ ಮಣ್ಣು ಅಥವಾ ಕೃತಕ ಹುಲ್ಲಿಗೆ ಗಿಡ್ಡ ಪ್ಲಾಸ್ಟಿಕ್ ಸ್ಟಡ್ ಸರಿ. ಒದ್ದೆಯಾದ, ಕಾಲು ಹೂತುಹೋಗುವ ಯುರೋಪಿನ ಹುಲ್ಲಿನಲ್ಲಿ ಉದ್ದನೆಯ ಲೋಹದ ಸ್ಟಡ್ ಬೇಕು. ಒಂದೇ ಜೊತೆ ಬೂಟು ತಂದ ಹುಡುಗ ಮೊದಲ ದಿನವೇ ಜಾರಿ ಬೀಳುತ್ತಾನೆ, ತೊಡೆಸಂದಿನ ಸ್ನಾಯು ಎಳೆದುಕೊಂಡರೆ ವಾರವೇ ಮುಗಿಯಿತು.

ಆಮೇಲೆ ವೈದ್ಯಕೀಯ ಪರೀಕ್ಷೆ. ಮಂಡಿ, ಕಣಕಾಲು, ಸೊಂಟದ ಎಂಆರ್‌ಐ, ರಕ್ತಪರೀಕ್ಷೆ, ಇಸಿಜಿ, ಹೃದಯದ ಎಕೋ ಮಾಡುತ್ತಾರೆ. ಹೃದಯದ ಪರೀಕ್ಷೆ ಬರಿಯ ಔಪಚಾರಿಕತೆಯಲ್ಲ. ನೈಜೀರಿಯಾದ ನ್ವಾಂಕೊ ಕಾನು 1996ರಲ್ಲಿ ಒಲಿಂಪಿಕ್ ಚಿನ್ನ ಗೆದ್ದು ಇಟಲಿಯ ಇಂಟರ್ ಮಿಲಾನ್ ಸೇರಿದಾಗ ಪರೀಕ್ಷೆಯಲ್ಲಿ ಮಹಾಪಧಮನಿಯ ಕವಾಟದ ದೋಷ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ವರ್ಷಗಟ್ಟಲೆ ಆಡಿದರು. ಇನ್ನೊಂದು ಸೂಕ್ಷ್ಮವೂ ಇದೆ. ಕಪ್ಪುವರ್ಣೀಯ ಕ್ರೀಡಾಪಟುಗಳ ಇಸಿಜಿಯಲ್ಲಿ ಎದೆಯ ಮೇಲಿಡುವ ವಿ1ರಿಂದ ವಿ4ರವರೆಗಿನ ತಂತಿಗಳ ಭಾಗದಲ್ಲಿ ಟಿ ಎಂದು ಕರೆಯುವ ಅಲೆ ತಲೆಕೆಳಗಾಗಿ ಕಾಣುವುದು ಒಂದು ನಿರ್ದಿಷ್ಟ ಆಕಾರದಲ್ಲಿದ್ದರೆ ಸಹಜ. ಇದು ಗೊತ್ತಿಲ್ಲದ ವೈದ್ಯರು ಆರೋಗ್ಯವಂತನನ್ನು ರೋಗಿ ಎಂದುಬಿಡುವ ಅಪಾಯವಿದೆ. ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷದ ಅಂಶ (ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದದ್ದು) ಪಶ್ಚಿಮ ಆಫ್ರಿಕಾದಲ್ಲಿ ವ್ಯಾಪಕ. ಅಂಶ ಮಾತ್ರ ಇರುವವನು ಆಡಬಹುದು, ಆದರೆ ಬಿಸಿಲಿನಲ್ಲಿ ನೀರು ಕುಡಿಯದೆ ವಿಪರೀತ ಓಡಿದರೆ ಪ್ರಾಣಾಪಾಯ. ಕ್ಲಬ್ ವೈದ್ಯರಿಗೆ ಇದು ಮೊದಲೇ ತಿಳಿದಿರಬೇಕು.

ಒಪ್ಪಂದವನ್ನು ಓದುವುದು ಹೇಗೆ

ಪತ್ರಿಕೆಗಳಲ್ಲಿ ಬರುವ ವರ್ಗಾವಣೆ ಮೊತ್ತ ಒಂದು ಕ್ಲಬ್ ಇನ್ನೊಂದು ಕ್ಲಬ್ಬಿಗೆ ಕೊಡುವ ಹಣ. ಆಟಗಾರನಿಗೆ ಬರುವುದು ಸಂಬಳ. ಇವೆರಡನ್ನು ಬೆರೆಸಬಾರದು.

ಒಪ್ಪಂದದ ಅವಧಿ ಸಾಮಾನ್ಯವಾಗಿ ಗರಿಷ್ಠ ಐದು ವರ್ಷ. 18 ತುಂಬದವನಿಗೆ ಮೂರು. ಮೊದಲ ಪುಟದಲ್ಲಿ ಮೂಲ ಸಂಬಳ ಇರುತ್ತದೆ. ಅದು ತೆರಿಗೆಗೆ ಮುಂಚಿನದೋ ಕಡಿತದ ನಂತರದ್ದೋ ಎಂದು ನೋಡಬೇಕು. ಇಟಲಿಯಲ್ಲಿ ಕೈಗೆ ಸಿಗುವ ಮೊತ್ತವನ್ನು ಹೇಳುವುದು ರೂಢಿ, ಇಂಗ್ಲೆಂಡಿನಲ್ಲಿ ತೆರಿಗೆಗೆ ಮುಂಚಿನದು. ಎರಡನ್ನೂ ಒಂದೇ ಎಂದು ತಿಳಿದವನ ಲೆಕ್ಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಮುಂದೆ ಸಹಿ ಹಣ, ಪಂದ್ಯಕ್ಕಿಷ್ಟು ಎಂಬ ಬೋನಸ್, ಮನೆ ಬಾಡಿಗೆ, ವರ್ಷಕ್ಕೆ ಎಷ್ಟು ವಿಮಾನ ಟಿಕೆಟ್ ಎಂಬ ವಿವರ. ಅಲ್ಲಿಂದ ಮುಂದಿನ ಪುಟಗಳಲ್ಲಿ ಅಪಾಯ ಅಡಗಿರುತ್ತದೆ. ‘ಇನ್ನೊಂದು ವರ್ಷಕ್ಕೆ ವಿಸ್ತರಿಸುವ ಆಯ್ಕೆ’ ಎಂಬ ಸಾಲಿನಲ್ಲಿ ಆಯ್ಕೆ ಯಾರದ್ದು ಎಂದು ಓದಬೇಕು. ಬಹುತೇಕ ಅದು ಕ್ಲಬ್ಬಿನದೇ. ತಂಡ ಕೆಳದರ್ಜೆಗೆ ಇಳಿದರೆ ಸಂಬಳ ಎಷ್ಟು ಕಡಿತ ಎಂಬ ಷರತ್ತು ಇನ್ನೊಂದು.

ಹುಡುಗನನ್ನು ಕಾಪಾಡುವ ನಿಯಮಗಳೂ ಇವೆ. ಸಹಿಯಾದ ಮೇಲೆ ‘ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ’ ಅಥವಾ ‘ವರ್ಕ್ ಪರ್ಮಿಟ್ ಸಿಕ್ಕರೆ ಮಾತ್ರ’ ಎಂದು ಕ್ಲಬ್ ಹಿಂದೆ ಸರಿಯುವಂತಿಲ್ಲ. ಅವೆಲ್ಲ ಸಹಿಗೆ ಮುಂಚೆಯೇ ಆಗಬೇಕು ಎನ್ನುತ್ತದೆ ಫಿಫಾದ 18ನೇ ವಿಧಿ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ ಆಟಗಾರ ಲಿಖಿತ ನೋಟಿಸ್ ಕೊಟ್ಟು 15 ದಿನ ಕಾದು, ಆಗಲೂ ಕೊಡದಿದ್ದರೆ ಒಪ್ಪಂದ ಮುರಿದು ಹೊರಬರಬಹುದು. ನೋಟಿಸ್ ಕೊಡದೆ ಕೋಪದಲ್ಲಿ ಊರಿಗೆ ಹೊರಟುಹೋದರೆ ತಪ್ಪು ಅವನದೇ ಆಗಿ, ಪರಿಹಾರವನ್ನೂ ಅವನೇ ಕಟ್ಟಿಕೊಡಬೇಕಾದೀತು. ಆಟಗಾರನ ಮುಂದಿನ ಗಳಿಕೆಯಲ್ಲಿ ಮೂರನೆಯ ವ್ಯಕ್ತಿ ಪಾಲು ಇಟ್ಟುಕೊಳ್ಳುವುದನ್ನು ಫಿಫಾ 2015ರ ಮೇ ತಿಂಗಳಿಂದ ನಿಷೇಧಿಸಿದೆ. ‘ನಿನ್ನನ್ನು ಬೆಳೆಸಿದ್ದು ನಾನು, ಮುಂದೆ ನಿನ್ನನ್ನು ಮಾರಿದಾಗಲೆಲ್ಲ ಶೇ 30 ನನಗೆ’ ಎಂದು ಊರಿನ ದಣಿ ಬರೆಸಿಕೊಂಡ ಪತ್ರವನ್ನು ಫುಟ್‌ಬಾಲ್ ನ್ಯಾಯವ್ಯವಸ್ಥೆ ಒಪ್ಪುವುದಿಲ್ಲ.

ಹಣ ಯಾರಿಗೆ?

ಹುಡುಗನನ್ನು ಬೆಳೆಸಿದ ಕ್ಲಬ್ಬಿಗೆ ಹಣ ತಲುಪಲು ಎರಡು ದಾರಿ.

ಒಂದನೆಯದು ತರಬೇತಿ ಪರಿಹಾರ. ಹುಡುಗ ಮೊದಲ ಸಲ ವೃತ್ತಿಪರನಾಗಿ ನೋಂದಣಿಯಾದಾಗ, ಆಮೇಲೆ 23ನೇ ವರ್ಷದವರೆಗಿನ ಅಂತರರಾಷ್ಟ್ರೀಯ ವರ್ಗಾವಣೆಗಳಲ್ಲಿ ಇದು ಸಲ್ಲಬೇಕು. ಹೊಸ ಕ್ಲಬ್ಬೇ ಅವನನ್ನು ಬೆಳೆಸಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂಬುದು ಲೆಕ್ಕದ ಆಧಾರ. ಯುರೋಪಿನ ಕ್ಲಬ್‌ಗಳಲ್ಲಿ ನಾಲ್ಕು ದರ್ಜೆ. ವರ್ಷಕ್ಕೆ ಕ್ರಮವಾಗಿ 90,000, 60,000, 30,000 ಮತ್ತು 10,000 ಯೂರೋ. 12ರಿಂದ 15ರವರೆಗಿನ ವರ್ಷಗಳಿಗೆ ಎಲ್ಲರಿಗೂ ಕೊನೆಯ ದರವೇ. ಎರಡನೇ ದರ್ಜೆಯ ಕ್ಲಬ್ ಒಬ್ಬನನ್ನು ತೆಗೆದುಕೊಂಡಿತು, 12ರಿಂದ 17ನೇ ವರ್ಷದವರೆಗೆ ಅವನು ಘಾನಾದ ಒಂದೇ ಅಕಾಡೆಮಿಯಲ್ಲಿದ್ದ ಎನ್ನೋಣ. ಮೊದಲ ನಾಲ್ಕು ವರ್ಷಕ್ಕೆ 40,000, ಮುಂದಿನ ಎರಡಕ್ಕೆ 1,20,000, ಒಟ್ಟು 1,60,000 ಯೂರೋ. ಒಂದು ಸಣ್ಣ ಅಕಾಡೆಮಿ ಎಷ್ಟೋ ವರ್ಷ ನಡೆಯುವಷ್ಟು ಹಣ ಇದು. ಅದಕ್ಕೇ ‘ಪರಿಹಾರ ಬಿಟ್ಟುಕೊಡುತ್ತೇವೆ ಎಂದು ಬರೆದುಕೊಡಿ, ಇಲ್ಲದಿದ್ದರೆ ಹುಡುಗ ಬೇಡ’ ಎಂದು ಒತ್ತಡ ಹಾಕುವುದು ನಡೆಯುತ್ತದೆ.

ಎರಡನೆಯದು ಐಕಮತ್ಯ ಪಾಲು. ವರ್ಗಾವಣೆ ಮೊತ್ತದ ಶೇ 5ನ್ನು 12ರಿಂದ 23ನೇ ವರ್ಷದವರೆಗೆ ಆಟಗಾರನನ್ನು ಬೆಳೆಸಿದ ಕ್ಲಬ್‌ಗಳು ಹಂಚಿಕೊಳ್ಳುತ್ತವೆ. ತೋಟ ಎಷ್ಟು ಕೈ ಬದಲಾದರೂ ತೆಂಗಿನ ಸಸಿ ನೆಟ್ಟವನಿಗೆ ಪ್ರತಿ ಮಾರಾಟದಲ್ಲೂ ಒಂದು ಪಾಲು ಮೀಸಲಿಟ್ಟ ಹಾಗೆ. 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, 16ರಿಂದ 23ರವರೆಗೆ ವರ್ಷಕ್ಕೆ ಶೇ 0.5. ಮೇಲಿನ ಹುಡುಗನೇ ಮುಂದೆ 1 ಕೋಟಿ ಯೂರೋಗೆ ಮಾರಾಟವಾದರೆ ಘಾನಾದ ಅಕಾಡೆಮಿಗೆ ಶೇ 2, ಅಂದರೆ 2 ಲಕ್ಷ ಯೂರೋ. ಮತ್ತೆ ಮಾರಾಟವಾದರೆ ಮತ್ತೆ.

ಈ ಎರಡೂ ಸಿಗಬೇಕಾದರೆ ಅಕಾಡೆಮಿ ದೇಶದ ಫುಟ್‌ಬಾಲ್ ಸಂಸ್ಥೆಗೆ ಸೇರಿರಬೇಕು, ಹುಡುಗ ಅಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ನೋಂದಣಿಯಾಗಿದ್ದ ಎಂಬುದು ದಾಖಲೆಯಲ್ಲಿರಬೇಕು. ಮಣ್ಣಿನ ಮೈದಾನದ ತರಬೇತುದಾರ ಐದು ವರ್ಷ ಬೆವರು ಸುರಿಸಿದರೂ ನೋಂದಣಿ ಇಲ್ಲದಿದ್ದರೆ ಒಂದು ಯೂರೋ ಸಿಗುವುದಿಲ್ಲ. ಹಿಂದೆಲ್ಲ ಹಣ ಕೇಳಿ ಪಡೆಯುವುದೇ ದೊಡ್ಡ ಹೋರಾಟವಾಗಿತ್ತು. 2022ರ ನವೆಂಬರ್‌ನಿಂದ ಪ್ಯಾರಿಸ್‌ನಲ್ಲಿ ಫಿಫಾ ಕ್ಲಿಯರಿಂಗ್ ಹೌಸ್ ಕೆಲಸ ಮಾಡುತ್ತಿದೆ. ಆಟಗಾರ ಯಾವಾಗ ಯಾವ ಕ್ಲಬ್ಬಿನಲ್ಲಿ ನೋಂದಣಿಯಾಗಿದ್ದ ಎಂದು ತೋರಿಸುವ ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್ ನೋಡಿ ಯಾರಿಗೆ ಎಷ್ಟು ಎಂದು ಲೆಕ್ಕ ಹಾಕಿ ತಾನೇ ಹಣ ತಲುಪಿಸುತ್ತದೆ. ಪಾಸ್‌ಪೋರ್ಟ್‌ನಲ್ಲಿ ಹೆಸರಿಲ್ಲದವರಿಗೆ ಇದರಿಂದಲೂ ಪ್ರಯೋಜನವಿಲ್ಲ.

ಮೊದಲ ಎರಡು ವರ್ಷ

ಒಸಿಮೆನ್‌ನ ಕಥೆಯನ್ನು ತುಸು ವಿವರವಾಗಿ ನೋಡಬೇಕು, ಯಾಕೆಂದರೆ ಮೊದಲ ಕ್ಲಬ್ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಲಾಗೋಸ್‌ನ ಟ್ರಾಫಿಕ್‌ನಲ್ಲಿ ನೀರಿನ ಪೊಟ್ಟಣ ಮಾರಿಕೊಂಡು ಬೆಳೆದವನು ಅಕಾಡೆಮಿ ಮತ್ತು ಕಿರಿಯರ ವಿಶ್ವಕಪ್ ಮೂಲಕ ನೇರವಾಗಿ ಜರ್ಮನಿಯ ಮೊದಲ ದರ್ಜೆಗೆ ಹೋದ. ವೋಲ್ಫ್ಸ್‌ಬರ್ಗ್ ಆಗ ಕೆಳದರ್ಜೆಗೆ ಜಾರದಂತೆ ಹೆಣಗುತ್ತಿದ್ದ ತಂಡ. ಅಂಥ ತಂಡದ ತರಬೇತುದಾರನಿಗೆ 18ರ ಹುಡುಗನನ್ನು ಪಳಗಿಸುವ ವ್ಯವಧಾನ ಇರುವುದಿಲ್ಲ. ಗಾಯಗಳೂ ಆದವು. ಲೀಗ್‌ನಲ್ಲಿ ಒಂದು ಗೋಲೂ ಬರಲಿಲ್ಲ. 2018ರ ಬೇಸಿಗೆಯಲ್ಲಿ ಮಲೇರಿಯಾ ಬಂದು ಮೈ ಇಳಿದುಹೋಗಿತ್ತು. ಬೆಲ್ಜಿಯಂನ ಎರಡು ಕ್ಲಬ್‌ಗಳು ನೋಡಿ ಬೇಡ ಎಂದವು. ಅದೇ ದೇಶದ ಶಾರ್ಲ್‌ರ್ವಾ ಎಂಬ ಸಾಧಾರಣ ಕ್ಲಬ್ ಎರವಲು ಪಡೆಯಿತು. ಅಲ್ಲಿ ವಾರವಾರ ಆಡಲು ಸಿಕ್ಕಿತು, ಒಂದೇ ಋತುವಿನಲ್ಲಿ 20 ಗೋಲು. ಅಲ್ಲಿಂದ ಫ್ರಾನ್ಸ್‌ನ ಲಿಲ್, 2020ರಲ್ಲಿ ಸುಮಾರು 7 ಕೋಟಿ ಯೂರೋ ಎಂದು ವರದಿಯಾದ ಮೊತ್ತಕ್ಕೆ ನಾಪೋಲಿ. 2022–23ರಲ್ಲಿ 26 ಗೋಲು ಹೊಡೆದು ಇಟಲಿಯ ಲೀಗ್‌ನಲ್ಲಿ ಮೊದಲಿಗನಾದ, ನಾಪೋಲಿ 1990ರ ನಂತರ ಮೊದಲ ಸಲ ಚಾಂಪಿಯನ್ ಆಯಿತು.

ಕುದುಸ್ ಹಿಡಿದದ್ದು ನೇರ ಮೆಟ್ಟಿಲು. ತನ್ನ ಅಕಾಡೆಮಿಯದೇ ಕ್ಲಬ್ಬಿನಲ್ಲಿ ಎರಡು ಋತು. 2020ರಲ್ಲಿ ಸುಮಾರು 90 ಲಕ್ಷ ಯೂರೋಗೆ ನೆದರ್ಲೆಂಡ್ಸ್‌ನ ಅಯಾಕ್ಸ್. ಅಲ್ಲಿ ಲಿವರ್‌ಪೂಲ್ ವಿರುದ್ಧದ ಮೊದಲ ಚಾಂಪಿಯನ್ಸ್ ಲೀಗ್ ಪಂದ್ಯದ ಆರಂಭದಲ್ಲೇ ಮಂಡಿಯೊಳಗಿನ ಮೃದ್ವಸ್ಥಿಯ ಗಾದಿಗೆ (ಮೆನಿಸ್ಕಸ್) ಪೆಟ್ಟು ಬಿದ್ದು ತಿಂಗಳುಗಟ್ಟಲೆ ಹೊರಗಿರಬೇಕಾಯಿತು. ಆದರೂ ಕ್ಲಬ್ ಕಾದಿತು. 2022ರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಎರಡು ಗೋಲು, 2023ರಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್, 2025ರಲ್ಲಿ ಟಾಟನ್‌ಹ್ಯಾಮ್. ಮಾನೆಯ ಮೊದಲ ಕ್ಲಬ್ ಮೆಟ್ಸ್ 2012ರಲ್ಲಿ ಫ್ರಾನ್ಸ್‌ನ ಮೂರನೇ ದರ್ಜೆಗೆ ಇಳಿದ ತಂಡ. ಆದರೆ ಅಲ್ಲಿ ಆಡಲು ಸಿಕ್ಕಿತು, ಅದೇ ವರ್ಷ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಸುಮಾರು 40 ಲಕ್ಷ ಯೂರೋ ಕೊಟ್ಟು ಕರೆದುಕೊಂಡಿತು. ಕ್ಲಬ್ಬಿನ ಹೆಸರಿಗಿಂತ ಆಡುವ ನಿಮಿಷ ಮುಖ್ಯ ಎಂದು ಹೇಳುವುದು ಇದಕ್ಕೇ.

ಒಸಿಮೆನ್‌ಗೆ ಬಂದ ಮಲೇರಿಯಾ ಒಂಟಿ ಪ್ರಕರಣವಲ್ಲ. ಊರಿನಲ್ಲೇ ಇದ್ದವರ ಮೈಯಲ್ಲಿ ಪದೇಪದೇ ಸೋಂಕು ತಗಲಿ ಬೆಳೆದ ಭಾಗಶಃ ರೋಗನಿರೋಧಕ ಶಕ್ತಿ ಇರುತ್ತದೆ. ಯುರೋಪಿಗೆ ಹೋಗಿ ಒಂದೆರಡು ವರ್ಷವಾದರೆ ಅದು ಕುಂದುತ್ತದೆ. ರಜೆಗೆ ಬಂದವನು ‘ನಮ್ಮೂರ ಜ್ವರ ನನಗೇನು ಮಾಡೀತು’ ಎಂದು ಮಾತ್ರೆ ನುಂಗದೆ ಇರುತ್ತಾನೆ. ಚೆಲ್ಸಿಯಲ್ಲಿ ಆಡುತ್ತಿದ್ದ ಡಿಡಿಯೆ ಡ್ರೋಗ್ಬಾಗೆ 2010ರಲ್ಲಿ ಮಲೇರಿಯಾ ಇದ್ದದ್ದು ತಡವಾಗಿ ಗೊತ್ತಾಯಿತು. ಅಲ್ಲಿಯವರೆಗೆ ಶಕ್ತಿ ಕುಂದಿದ್ದಕ್ಕೆ ಕಾರಣವೇ ತಿಳಿದಿರಲಿಲ್ಲ.

ನಕಲಿ ಏಜೆಂಟನನ್ನು ಗುರುತಿಸುವುದು

ಮೋಸದ ಸ್ವರೂಪ ಎಲ್ಲ ಕಡೆ ಒಂದೇ. ಒಬ್ಬ ಬರುತ್ತಾನೆ, ಯುರೋಪಿನ ಕ್ಲಬ್ಬಿನ ಪತ್ರ ತೋರಿಸುತ್ತಾನೆ, ವೀಸಾ ಮತ್ತು ಟ್ರಯಲ್ಸ್ ಖರ್ಚಿಗೆ ಹಣ ಕೇಳುತ್ತಾನೆ. ಮನೆಯವರು ಜಮೀನು ಮಾರುತ್ತಾರೆ, ಸಾಲ ಮಾಡುತ್ತಾರೆ. ಹುಡುಗನನ್ನು ಪ್ಯಾರಿಸ್‌ನಲ್ಲೋ, ಕೆಲವೊಮ್ಮೆ ಪಕ್ಕದ ಆಫ್ರಿಕನ್ ದೇಶದಲ್ಲೋ ಬಿಟ್ಟು ಮಾಯವಾಗುತ್ತಾನೆ. ಹೀಗೆ ಬೀದಿಗೆ ಬಿದ್ದ ಹುಡುಗರಿಗಾಗಿ ಕ್ಯಾಮರೂನ್‌ನ ಮಾಜಿ ಆಟಗಾರ ಜಾನ್ ಕ್ಲೋಡ್ ಎಂಬ್ವೂಮಿನ್ 2000ದಲ್ಲಿ ಪ್ಯಾರಿಸ್‌ನಲ್ಲಿ ಫೂಟ್ ಸೋಲಿಡೇರ್ ಸಂಸ್ಥೆ ಕಟ್ಟಿದರು.

ಪರೀಕ್ಷಿಸುವ ವಿಧಾನ ಕಷ್ಟದ್ದಲ್ಲ. ಏಜೆಂಟರು ಪರೀಕ್ಷೆ ಪಾಸಾಗಿ ಫಿಫಾ ಪರವಾನಗಿ ಪಡೆದಿರಬೇಕು, ಆ ಹೆಸರುಗಳು ಫಿಫಾ ವೆಬ್‌ಸೈಟ್‌ನಲ್ಲಿ ಯಾರಿಗೂ ಕಾಣುತ್ತವೆ. ಅವರ ದುಡಿಮೆ ಒಪ್ಪಂದವಾದ ಮೇಲೆ ಬರುವ ಕಮಿಷನ್. ಟ್ರಯಲ್ಸ್‌ಗೆ ಮುಂಗಡ ಹಣ ಕೇಳುವವನು ಆ ಕೆಲಸದವನಲ್ಲ. ಆಹ್ವಾನ ಪತ್ರ ಬಂದರೆ ಅದರಲ್ಲಿ ಬರೆದ ನಂಬರಿಗೆ ಫೋನ್ ಮಾಡಬಾರದು. ಕ್ಲಬ್ಬಿನ ಅಧಿಕೃತ ಜಾಲತಾಣದಲ್ಲಿರುವ ವಿಳಾಸಕ್ಕೆ ಬರೆದು ಕೇಳಬೇಕು. ಹುಡುಗನಿಗೆ 16 ಎಂದಿದ್ದು ಕ್ಲಬ್ ಸೇರಿಸಿಕೊಳ್ಳುತ್ತದೆ ಎಂದರೆ 19ನೇ ವಿಧಿ ಓದಿದವರಿಗೆ ಅಲ್ಲೇ ಸುಳ್ಳು ಗೊತ್ತಾಗುತ್ತದೆ. ಈ ವಿಧಿ ಭಾರತದ ಮಕ್ಕಳಿಗೂ ಅಕ್ಷರಶಃ ಅನ್ವಯಿಸುತ್ತದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಹದಿನೈದರ ಮಗನಿಗೆ ‘ಸ್ಪೇನ್ ಕ್ಲಬ್ಬಿನಲ್ಲಿ ಒಪ್ಪಂದ’ ಎಂದು ಯಾರಾದರೂ ಹೇಳಿದರೆ ಪೋಷಕರು ಕೇಳಬೇಕಾದ ಪ್ರಶ್ನೆಗಳು ಇವೇ.

ಮೇಲಕ್ಕೆ ಹೋಗದವರು

ಹೊರಟವರಲ್ಲಿ ದೊಡ್ಡ ಲೀಗ್‌ನಲ್ಲಿ ನೆಲೆ ನಿಲ್ಲುವವರು ಕಡಿಮೆ. ಉಳಿದವರು ಸೈಪ್ರಸ್, ಮಾಲ್ಟಾ, ಟರ್ಕಿಯ ಕೆಳದರ್ಜೆ, ಕೊಲ್ಲಿ ದೇಶಗಳು ಎಂದು ವರ್ಷಕ್ಕೊಂದು ಒಪ್ಪಂದದ ಮೇಲೆ ತಿರುಗುತ್ತಾರೆ. ಒಂದು ಋತುವಿನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಣಿಯಾಗಬಹುದು, ಆಡುವುದು ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಹೀಗಾಗಿ ಜನವರಿಯಲ್ಲಿ ತಪ್ಪು ಕ್ಲಬ್ ಆರಿಸಿದವನು ಬೇಸಿಗೆಯವರೆಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ಒಂದೇ ದೇಶದಲ್ಲಿ ಉಳಿದು ಭಾಷೆ ಕಲಿತವರಿಗೆ ಬೇರೆ ಲಾಭವಿದೆ. ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಷರತ್ತುಗಳನ್ನು ಪೂರೈಸಿ ಐದು ವರ್ಷ ನೆಲೆಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಆ ಪಾಸ್‌ಪೋರ್ಟ್ ಬಂದರೆ ಒಕ್ಕೂಟದ ಯಾವ ದೇಶದಲ್ಲೂ ವಿದೇಶಿ ಎಂಬ ಎಣಿಕೆ ಇರುವುದಿಲ್ಲ.

ಭಾರತದ ಮೈದಾನಗಳಿಗೂ ಈ ದಾರಿ ಬಂದು ಸೇರಿದೆ. ನೈಜೀರಿಯಾದ ಬಾರ್ತೊಲೊಮ್ಯೂ ಒಗ್ಬೆಚೆ ಹದಿಹರೆಯದಲ್ಲೇ ಪ್ಯಾರಿಸ್ ಸಾಂ ಜರ್ಮೈನ್ ಸೇರಿ, 17ರ ವಯಸ್ಸಿನಲ್ಲಿ 2002ರ ವಿಶ್ವಕಪ್ ಆಡಿದವರು. ಮುಂದೆ ಫ್ರಾನ್ಸ್, ಸ್ಪೇನ್, ಗ್ರೀಸ್, ಇಂಗ್ಲೆಂಡ್, ನೆದರ್ಲೆಂಡ್ಸ್ ಸುತ್ತಿ 2018ರಲ್ಲಿ ಗುವಾಹಟಿಗೆ ಬಂದರು. ನಾರ್ತ್‌ಈಸ್ಟ್ ಯುನೈಟೆಡ್, ಕೇರಳ ಬ್ಲಾಸ್ಟರ್ಸ್, ಮುಂಬೈ ಸಿಟಿ, ಹೈದರಾಬಾದ್ ತಂಡಗಳಿಗೆ ಆಡಿ ಇಂಡಿಯನ್ ಸೂಪರ್ ಲೀಗ್‌ನಲ್ಲಿ 63 ಗೋಲು ಹೊಡೆದರು. ಅದರಲ್ಲಿ 18 ಗೋಲು ಬಂದದ್ದು 2021–22ರ ಋತುವಿನಲ್ಲಿ, 37ರ ವಯಸ್ಸಿನಲ್ಲಿ.